ಕೈತೋಟದ ಬೆಳ್ಳುಳ್ಳಿ: ತಳಿ ಆರಿಸುವುದರಿಂದ ಗಡ್ಡೆ ಕೀಳುವವರೆಗೆ

ಬೆಳ್ಳುಳ್ಳಿ ಚಿಗುರಿಸುವುದು ಕಷ್ಟವೇ ಅಲ್ಲ. ಅಡುಗೆಮನೆಯ ಬುಟ್ಟಿಯಲ್ಲಿ ಮರೆತರೂ ಅದು ಚಿಗುರುತ್ತದೆ. ಕಷ್ಟವಿರುವುದು ಗಡ್ಡೆ ಕಟ್ಟಿಸುವುದರಲ್ಲಿ. ತಿಂಗಳುಗಟ್ಟಲೆ ನೀರು, ಗೊಬ್ಬರ, ಕಳೆ ಎಲ್ಲ ನೋಡಿಕೊಂಡು ಕೊನೆಗೆ ಕಿತ್ತಾಗ ಎಸಳೇ ಒಡೆಯದ, ಪುಟ್ಟ ಈರುಳ್ಳಿಯಂಥ ಒಂಟಿ ಗುಂಡು ಕೈಗೆ ಬಂದರೆ ಹೆಚ್ಚಿನವರು ಗೊಬ್ಬರ ಸಾಲಲಿಲ್ಲ ಅಂದುಕೊಳ್ಳುತ್ತಾರೆ. ತಪ್ಪು ಆಗಿರುವುದು ಬಹುಮಟ್ಟಿಗೆ ಅದಕ್ಕೂ ಮೊದಲೇ. ಹಾಕಿದ ತಳಿಗೂ ಅಲ್ಲಿಯ ಚಳಿಗೂ ಹೊಂದಿಕೆಯಾಗಿರುವುದಿಲ್ಲ, ಇಲ್ಲವೇ ನಾಟಿ ತಡವಾಗಿರುತ್ತದೆ. ಹಾಗಾಗಿ ಮಣ್ಣಿಗಿಂತ ಮೊದಲು ತಳಿಯ ಮಾತು.

ಚಳಿ ಎಸಳು ಒಡೆಸುತ್ತದೆ, ಹಗಲು ಗಡ್ಡೆ ಊದಿಸುತ್ತದೆ

ಬೆಳ್ಳುಳ್ಳಿಗೆ ಎರಡು ಸೂಚನೆಗಳು ಸಿಗಬೇಕು. ಮೊದಲನೆಯದು ಚಳಿ. ಸುಮಾರು 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ತಂಪು ಆರರಿಂದ ಎಂಟು ವಾರ ಸಿಕ್ಕರೆ ಗಿಡದೊಳಗೆ ಹಲವು ಎಸಳುಗಳ ಮೊಗ್ಗು ಮೂಡುತ್ತದೆ. ಎರಡನೆಯದು ಹಗಲಿನ ಉದ್ದ. ಹೆಚ್ಚಿನ ತಳಿಗಳಲ್ಲಿ ಹಗಲು 12–13 ಗಂಟೆ ದಾಟಿ, ಜೊತೆಗೆ ಮಣ್ಣೂ ಬೆಚ್ಚಗಾದ ಮೇಲೆ ಎಲೆ ಬೆಳೆಯುವುದು ನಿಂತು ಗಡ್ಡೆ ಊದತೊಡಗುತ್ತದೆ. ಚಳಿ ಸಿಗದೆ ಬರೀ ಹಗಲು ಉದ್ದವಾದರೆ ಬರುವುದು ಒಂಟಿ ಗುಂಡು.

ಗಡ್ಡೆ ಊದಲು ಶುರುವಾದ ದಿನ ಗಿಡದಲ್ಲಿ ಎಷ್ಟು ಎಲೆ ಇದೆಯೋ ಅದೇ ಬಂಡವಾಳ. ಆಮೇಲೆ ಹೊಸ ಎಲೆ ಬರುವುದಿಲ್ಲ. ಹಗಲು ಉದ್ದವಾಗುವ ದಿನ ಯಾರಿಗೂ ಕಾಯುವುದಿಲ್ಲವಾದ್ದರಿಂದ, ತಡವಾಗಿ ನೆಟ್ಟ ಗಿಡ ನಾಲ್ಕೈದು ಎಲೆಯಲ್ಲೇ ಗಡ್ಡೆ ಕಟ್ಟಲು ಕೂರುತ್ತದೆ. ಅಷ್ಟರ ಮೇಲೆ ಎಷ್ಟು ಗೊಬ್ಬರ ಸುರಿದರೂ ಗಡ್ಡೆ ಗೋಲಿ ಗಾತ್ರ ದಾಟುವುದು ಕಷ್ಟ.

ಯಾವ ಜಾತಿ?

ಬೆಳ್ಳುಳ್ಳಿಯಲ್ಲಿ ದೊಡ್ಡದಾಗಿ ಎರಡು ಗುಂಪು: ಗಟ್ಟಿ ಕತ್ತಿನ ಹಾರ್ಡ್‌ನೆಕ್, ಮೆದು ಕತ್ತಿನ ಸಾಫ್ಟ್‌ನೆಕ್. ಗಡ್ಡೆಯನ್ನು ಅಡ್ಡಕ್ಕೆ ಕೊಯ್ದರೆ ಗೊತ್ತಾಗುತ್ತದೆ. ಹಾರ್ಡ್‌ನೆಕ್‌ನಲ್ಲಿ ನಡುವೆ ಪೆನ್ಸಿಲ್ ದಪ್ಪದ ಗಟ್ಟಿ ಕಡ್ಡಿ, ಅದರ ಸುತ್ತ ಒಂದೇ ಸುತ್ತಿನಲ್ಲಿ ದಪ್ಪ ಎಸಳುಗಳು. ಸಾಫ್ಟ್‌ನೆಕ್‌ನಲ್ಲಿ ಕಡ್ಡಿ ಇರುವುದಿಲ್ಲ; ಹೊರಗೆ ದೊಡ್ಡ ಎಸಳು, ಒಳಗೊಳಗೆ ಹೋದಂತೆ ಸಣ್ಣವು. ಆ ಕಡ್ಡಿ ಗಿಡ ಬಿಟ್ಟ ಹೂದಂಟಿನ ಬುಡ.

ಹಾರ್ಡ್‌ನೆಕ್‌ಗೆ ಚಳಿ ಹೆಚ್ಚು ಬೇಕು. ಇದರಲ್ಲಿ ರೊಕಾಂಬೋಲ್ ಎಂಬ ಗುಂಪು ರುಚಿಗೆ ಹೆಸರುವಾಸಿ. ಎಸಳು 6ರಿಂದ 11, ಕಂದು ಸಿಪ್ಪೆ, ಬೆರಳಲ್ಲಿ ಒತ್ತಿದರೆ ಸಿಪ್ಪೆ ಬಿಟ್ಟುಕೊಳ್ಳುತ್ತದೆ. ಆದರೆ ನಾಲ್ಕರಿಂದ ಆರು ತಿಂಗಳಿಗಿಂತ ಹೆಚ್ಚು ಬಾಳುವುದಿಲ್ಲ, ಬೆಚ್ಚನೆಯ ಚಳಿಗಾಲವನ್ನಂತೂ ಸಹಿಸುವುದೇ ಇಲ್ಲ. ಪೋರ್ಸಿಲೀನ್ ಗುಂಪಿನದು ಬೆಳ್ಳನೆಯ ದಪ್ಪ ಹೊರಸಿಪ್ಪೆ, ನಾಲ್ಕರಿಂದ ಆರು ಭಾರಿ ಎಸಳು, ಜೋರು ಖಾರ. ಆರೆಂಟು ತಿಂಗಳು ಉಳಿಯುತ್ತದೆ. ಪರ್ಪಲ್ ಸ್ಟ್ರೈಪ್ ಗುಂಪಿನ ಸಿಪ್ಪೆಯ ಮೇಲೆ ನೇರಳೆ ಗೆರೆಗಳಿರುತ್ತವೆ. ಸುಟ್ಟೋ ಬೇಯಿಸಿಯೋ ತಿನ್ನುವವರು ಇದನ್ನೇ ಆರಿಸುವುದು ಒಳ್ಳೆಯದು, ಬೆಂದಾಗ ಸಿಹಿ ಬರುತ್ತದೆ.

ಸಾಫ್ಟ್‌ನೆಕ್‌ನಲ್ಲಿ ಆರ್ಟಿಚೋಕ್ ಗುಂಪು ಹೊಸಬರಿಗೆ ಹೇಳಿ ಮಾಡಿಸಿದ್ದು. ಗಿಡ ದಷ್ಟಪುಷ್ಟ, ಮಣ್ಣು ಹೆಚ್ಚುಕಮ್ಮಿ ಇದ್ದರೂ ಹೊಂದಿಕೊಳ್ಳುತ್ತದೆ, ಗಡ್ಡೆಯಲ್ಲಿ 12ರಿಂದ 20 ಎಸಳು. ಸಿಲ್ವರ್‌ಸ್ಕಿನ್ ಗುಂಪು ತಡವಾಗಿ ಬಲಿಯುತ್ತದೆ, ಬಾಳಿಕೆಯಲ್ಲಿ ಎಲ್ಲಕ್ಕಿಂತ ಮುಂದು. ಸರಿಯಾಗಿ ಒಣಗಿಸಿಟ್ಟರೆ ಹತ್ತರಿಂದ ಹನ್ನೆರಡು ತಿಂಗಳು ಕೆಡುವುದಿಲ್ಲ. ಎಸಳು ಸಣ್ಣವು, ಸುಲಿಯಲು ತಾಳ್ಮೆ ಬೇಕು.

ಇವೆರಡರ ನಡುವೆ ಕೆಲವು ಗುಂಪುಗಳಿವೆ: ಕ್ರಿಯೋಲ್, ಏಷ್ಯಾಟಿಕ್, ಟರ್ಬನ್. ಹೂದಂಟು ಬಿಟ್ಟರೂ ಬಿಟ್ಟಾವು, ಬಿಡದೆಯೂ ಇದ್ದಾವು. ಕೆಂಪು ಸಿಪ್ಪೆಯ ಕ್ರಿಯೋಲ್ ಬೆಚ್ಚನೆಯ ಹವೆಯನ್ನು ತಡೆಯುತ್ತದೆ, ಚೆನ್ನಾಗಿ ಬಾಳುತ್ತದೆ, ಗಡ್ಡೆ ಮಾತ್ರ ಚಿಕ್ಕದು. ಟರ್ಬನ್ ಎಲ್ಲಕ್ಕಿಂತ ಬೇಗ ಕೈಗೆ ಬರುತ್ತದೆ, ಅಷ್ಟೇ ಬೇಗ ಚಿಗುರಿಬಿಡುತ್ತದೆ.

ಇನ್ನು ಮುಷ್ಟಿ ಗಾತ್ರದ ಎಲಿಫೆಂಟ್ ಗಾರ್ಲಿಕ್. ಅದು ನಿಜವಾದ ಬೆಳ್ಳುಳ್ಳಿಯಲ್ಲ. ಬೆಳ್ಳುಳ್ಳಿ ಆಲಿಯಂ ಸಟೈವಂ ಆದರೆ ಇದು ಆಲಿಯಂ ಆಂಪೆಲೊಪ್ರಾಸಂ, ಈರುಳ್ಳಿ ಕುಲದ ಲೀಕ್ ಎಂಬ ತರಕಾರಿ ಗಿಡದ ಹತ್ತಿರದ ನೆಂಟ. ಘಾಟು ಕಡಿಮೆ. ಬೆಳ್ಳುಳ್ಳಿಯ ಖಾರ ಬಯಸಿ ಬೆಳೆದವರಿಗೆ ನಿರಾಸೆ ಖಚಿತ. ತರಕಾರಿಯೆಂದು ನೋಡಿದರೆ ಸೊಗಸಾಗಿದೆ.

ನಮ್ಮ ಸಲಹೆ ಇಷ್ಟು: ಚಳಿಗಾಲದಲ್ಲಿ ಮಣ್ಣು ಹೆಪ್ಪುಗಟ್ಟುವ ಜಾಗವಾದರೆ ಪೋರ್ಸಿಲೀನ್ ಅಥವಾ ಪರ್ಪಲ್ ಸ್ಟ್ರೈಪ್, ಹದವಾದ ಚಳಿಯಾದರೆ ಆರ್ಟಿಚೋಕ್, ಬೆಚ್ಚನೆಯ ಚಳಿಗಾಲವಾದರೆ ಕ್ರಿಯೋಲ್ ಅಥವಾ ಸಿಲ್ವರ್‌ಸ್ಕಿನ್. ಸಮಭಾಜಕಕ್ಕೆ ಹತ್ತಿರವಿದ್ದು ಹಗಲು ಉದ್ದವಾಗುವುದೇ ಕಡಿಮೆ ಎನ್ನುವಲ್ಲಿ ಚಿಕ್ಕ ಹಗಲಿನಲ್ಲೂ ಗಡ್ಡೆ ಕಟ್ಟುವ ಅಲ್ಲಿಯದೇ ತಳಿಯನ್ನು ಹುಡುಕಿ. ಶೀತದೇಶದ ಹಾರ್ಡ್‌ನೆಕ್ ತರಿಸಿ ನೆಡುವುದು ವ್ಯರ್ಥ. ಮೊದಲ ವರ್ಷ ಒಂದೇ ತಳಿಗೆ ಜೋತುಬೀಳದೆ ಎರಡು ಮೂರನ್ನು ಹಾಕಿ, ಹೆಸರು ಬರೆದ ಪಟ್ಟಿ ಚುಚ್ಚಿ. ಎಲೆ ನೋಡಿ ತಳಿ ಗುರುತಿಸುತ್ತೇನೆ ಎಂಬ ಧೈರ್ಯ ಬೇಡ.

ಬಿತ್ತನೆ ಗಡ್ಡೆ

ಬೆಳ್ಳುಳ್ಳಿ ಬೀಜದಿಂದ ಬರುವುದಿಲ್ಲ, ಎಸಳಿನಿಂದ ಬರುತ್ತದೆ. ಅಂದರೆ ತಾಯಿಯ ಗುಣದ ಜೊತೆ ತಾಯಿಯ ರೋಗವೂ ಬರುತ್ತದೆ. ಅಡುಗೆಗೆಂದು ಕೊಂಡ ಗಡ್ಡೆಯನ್ನು ನೆಡಬೇಡಿ ಎನ್ನುವುದಕ್ಕೆ ಮೂರು ಕಾರಣ: ಚಿಗುರದಂತೆ ರಾಸಾಯನಿಕ ಅಥವಾ ವಿಕಿರಣದಿಂದ ಉಪಚರಿಸಿರಬಹುದು, ಎಲ್ಲಿಯ ಹವೆಯ ತಳಿಯೆಂದು ತಿಳಿಯುವುದಿಲ್ಲ, ಬಿಳಿ ಕೊಳೆ ಎಂಬ ಶಿಲೀಂಧ್ರ ರೋಗವನ್ನೋ ಕಣ್ಣಿಗೆ ಕಾಣದ ಜಂತುಹುಳುವನ್ನೋ ಹೊತ್ತು ಬಂದಿರಬಹುದು. ಮೊದಲೆರಡರಿಂದ ಹೋಗುವುದು ಒಂದು ವರ್ಷದ ಬೆಳೆ. ಮೂರನೆಯದರಿಂದ ತೋಟದ ಮಣ್ಣೇ ಹೋಗುತ್ತದೆ.

ಗಡ್ಡೆ ಕೈಯಲ್ಲಿ ಹಿಡಿದು ಒತ್ತಿ ನೋಡಿ. ಕಲ್ಲಿನಂತೆ ಗಟ್ಟಿಯಿರಬೇಕು. ಬುಡದ ಬೇರಿನ ತಟ್ಟೆ ಒಣಗಿ ಬಿಳಿಚಿಕೊಂಡಿದ್ದರೆ ಒಳ್ಳೆಯದು. ಕಂದು ಬಣ್ಣಕ್ಕೆ ತಿರುಗಿ ಉದುರುತ್ತಿದ್ದರೆ, ನೀಲಿ-ಹಸಿರು ಬೂಷ್ಟು ಕಂಡರೆ ಬೇಡ. ಎಸಳು ಬಿಡಿಸುವುದು ನಾಟಿಯ ದಿನ ಅಥವಾ ಹಿಂದಿನ ದಿನ ಮಾತ್ರ. ಬಿಡಿಸಿಟ್ಟಷ್ಟೂ ಬುಡ ಒಣಗುತ್ತದೆ, ಗಾಯದಲ್ಲಿ ಬೂಷ್ಟು ಹಿಡಿಯುತ್ತದೆ. ಸಿಪ್ಪೆ ಸುಲಿಯಬಾರದು. ಹೊರಸುತ್ತಿನ ದಪ್ಪ ಎಸಳು ನಾಟಿಗೆ, ಒಳಗಿನ ಕಡ್ಡಿಯಂಥವು ಅಡುಗೆಗೆ. ದೊಡ್ಡ ಎಸಳಿನಿಂದ ದೊಡ್ಡ ಗಡ್ಡೆ ಎಂಬುದು ಬೆಳ್ಳುಳ್ಳಿಯಲ್ಲಿ ಅಕ್ಷರಶಃ ನಿಜ. ಬೆನ್ನಿನ ಮೇಲೆ ಸೀಳು ಗೆರೆ ಇರುವ ಜೋಡಿ ಎಸಳನ್ನು ಮಾತ್ರ ಪಕ್ಕಕ್ಕಿಡಿ: ಒಂದೇ ಗುಳಿಯಲ್ಲಿ ಎರಡು ಗಿಡ ಎದ್ದು, ಬೆನ್ನಿಗೆ ಬೆನ್ನು ಒತ್ತಿಕೊಂಡು ಎರಡೂ ಚಪ್ಪಟೆಯಾಗುತ್ತವೆ.

ಚಳಿಗಾಲ ಸಾಲದು ಅನ್ನಿಸಿದರೆ ಫ್ರಿಜ್ ಇದೆ. ಇಡೀ ಗಡ್ಡೆಗಳನ್ನು, ಎಸಳು ಬಿಡಿಸದೆ, ಕಾಗದದ ಚೀಲದಲ್ಲಿ ಹಾಕಿ 4ರಿಂದ 7 ಡಿಗ್ರಿಯಲ್ಲಿ ಆರರಿಂದ ಎಂಟು ವಾರ ಇಡಿ. ಮುಚ್ಚಿದ ಪ್ಲಾಸ್ಟಿಕ್ ಚೀಲ ಬೇಡ, ಬೆವರಿ ಬೂಷ್ಟು ಬರುತ್ತದೆ. ಹೊರತೆಗೆದ ಮೇಲೆ ಒಂದೆರಡು ದಿನದಲ್ಲಿ ನೆಟ್ಟುಬಿಡಬೇಕು. ಬಿಸಿಲಿಗೆ ಕಾದ ಮಣ್ಣಿಗೆ ಹಾಕಿದರೆ ಸಿಕ್ಕ ಚಳಿಯ ಪರಿಣಾಮ ಅಳಿಸಿಹೋಗುತ್ತದೆ, ಹಾಗಾಗಿ ಮಣ್ಣು ತಂಪಾಗುವ ದಿನದಿಂದ ಹಿಂದಕ್ಕೆ ಎಣಿಸಿ ಫ್ರಿಜ್‌ಗೆ ಇಡುವ ದಿನ ಗೊತ್ತುಮಾಡಿ. ಎರಡು ತಿಂಗಳು ಒಳ್ಳೆಯದಾದರೆ ನಾಲ್ಕು ಇನ್ನೂ ಒಳ್ಳೆಯದು ಎಂದುಕೊಳ್ಳಬೇಡಿ. ಚಳಿ ಅತಿಯಾದರೆ ಗಿಡ ಪಕ್ಕದಿಂದೆಲ್ಲ ಮರಿ ಒಡೆದು, ಆಕಾರ ಕೆಟ್ಟ ಗಡ್ಡೆ ಕೊಡುತ್ತದೆ.

ಮಡಿ ಮತ್ತು ಲೆಕ್ಕ

ದಿನಕ್ಕೆ ಕನಿಷ್ಠ ಆರು ಗಂಟೆ ನೇರ ಬಿಸಿಲು ಬೀಳುವ ಜಾಗ ಬೇಕು. ಬೆಳ್ಳುಳ್ಳಿ ಬೇರು ಆಳಕ್ಕೆ ಹೋಗುವುದಿಲ್ಲ, ಬಹುಪಾಲು ಮೇಲಿನ 25–30 ಸೆಂಟಿಮೀಟರ್‌ನಲ್ಲೇ ಹರಡುತ್ತದೆ. ಅಷ್ಟು ಮಣ್ಣು ಸಡಿಲವಾಗಿರಬೇಕು, ನೀರು ಬಸಿಯಬೇಕು. ಅಂಟು ಮಣ್ಣಾದರೆ 15–20 ಸೆಂಟಿಮೀಟರ್ ಎತ್ತರದ ಏರುಮಡಿ ಮಾಡಲೇಬೇಕು. ಮಣ್ಣಿನ ಹುಳಿ-ಕ್ಷಾರದ ಅಳತೆಯಾದ ಪಿಎಚ್ 6ರಿಂದ 7ರ ನಡುವೆ ಇದ್ದರೆ ಚೆನ್ನ.

ಕೈಗೆಟಕುವ ಅಳತೆ ಎಂದರೆ 1 ಮೀಟರ್ ಅಗಲ, 3 ಮೀಟರ್ ಉದ್ದದ ಮಡಿ. ಸಾಲಿನಿಂದ ಸಾಲಿಗೆ 20 ಸೆಂಟಿಮೀಟರ್‌ನಂತೆ ಐದು ಸಾಲು, ಗಿಡದಿಂದ ಗಿಡಕ್ಕೆ 15 ಸೆಂಟಿಮೀಟರ್‌ನಂತೆ ಸಾಲಿಗೆ ಇಪ್ಪತ್ತು. ಒಟ್ಟು ನೂರು ಎಸಳು. ಆರ್ಟಿಚೋಕ್ ತಳಿಯಾದರೆ ಗಡ್ಡೆಗೆ ನೆಡಲು ತಕ್ಕ ಎಸಳು ಎಂಟು ಸಿಕ್ಕಾವು, ಹಾಗಾಗಿ 12–13 ಗಡ್ಡೆ ಸಾಕು. ಪೋರ್ಸಿಲೀನ್ ಆದರೆ ಗಡ್ಡೆಗೆ ಐದೇ ಎಸಳು. ಇಪ್ಪತ್ತು ಗಡ್ಡೆ ಬೇಕು, ತೂಕವೂ ಅದರ ಎರಡು ಪಾಲು ಬೀಳಬಹುದು. ಕೊಳ್ಳುವಾಗ ಈ ವ್ಯತ್ಯಾಸ ಮರೆತವರು ಅರ್ಧ ಮಡಿ ಖಾಲಿ ಬಿಡಬೇಕಾಗುತ್ತದೆ. ಗಡ್ಡೆಗೆ 40–60 ಗ್ರಾಂ ಬಂದರೂ ಈ ಮಡಿಯಿಂದ 4ರಿಂದ 6 ಕಿಲೋ ಆಯಿತು. ಎಲಿಫೆಂಟ್ ಗಾರ್ಲಿಕ್‌ಗೆ ಗಿಡದ ನಡುವೆ 25–30 ಸೆಂಟಿಮೀಟರ್ ಬಿಡಬೇಕು.

ಈ 3 ಚದರ ಮೀಟರ್‌ಗೆ ನಾಟಿಗೆ ಎರಡು ವಾರ ಮುಂಚೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಕಾಂಪೋಸ್ಟ್ 9–10 ಕಿಲೋ, ಬೇವಿನ ಹಿಂಡಿ 300 ಗ್ರಾಂ, ಜಿಪ್ಸಂ 60 ಗ್ರಾಂ ಬೆರೆಸಿ. ಜಿಪ್ಸಂ ಯಾಕೆಂದರೆ ಅದರಲ್ಲಿ ಗಂಧಕವಿದೆ. ಬೆಳ್ಳುಳ್ಳಿಯ ಘಾಟೆಲ್ಲ ಗಂಧಕದ ಸಂಯುಕ್ತಗಳದ್ದೇ. ಹಸಿ ಸಗಣಿ ಬೇಡ. ಅದು ಉಳ್ಳಿ ನೊಣವನ್ನು ಕರೆಯುತ್ತದೆ, ಅದರ ಹುಳು ಬುಡ ಕೊರೆಯುತ್ತದೆ.

ಕುಂಡದಲ್ಲೂ ಬರುತ್ತದೆ. 20 ಸೆಂಟಿಮೀಟರ್ ಆಳ, 30 ಸೆಂಟಿಮೀಟರ್ ಅಗಲದ ಕುಂಡಕ್ಕೆ ಐದಾರು ಎಸಳು, ಅದಕ್ಕಿಂತ ಹೆಚ್ಚಲ್ಲ.

ನಾಟಿ

ಮಣ್ಣು ಹೆಪ್ಪುಗಟ್ಟುವ ಕಡೆ, ಹೆಪ್ಪುಗಟ್ಟಲು ನಾಲ್ಕರಿಂದ ಆರು ವಾರ ಇರುವಾಗ ನೆಡಬೇಕು. ಬೇರು ಇಳಿಯಬೇಕು, ಚಿಗುರು ಹೆಚ್ಚು ಮೇಲೇಳಬಾರದು. ಹೆಪ್ಪುಗಟ್ಟದ ಕಡೆ ಮಳೆ ನಿಂತು, ಸೆಕೆ ಕಳೆದು, ರಾತ್ರಿಗಳು ತಂಪಾಗಲು ಶುರುವಾದ ಕೂಡಲೇ ನೆಡಿ. ಬೇಸಿಗೆಯ ಬಾಗಿಲಲ್ಲಿ ನೆಟ್ಟರೂ ಬರುತ್ತದೆಂದು ಹೇಳುವವರಿದ್ದಾರೆ. ಬರುತ್ತದೆ, ಹಸಿರು ಸೊಪ್ಪಿಗೆ.

ಎಸಳಿನ ಚೂಪು ತುದಿ ಮೇಲೆ, ಚಪ್ಪಟೆ ಬುಡ ಕೆಳಗೆ. ತಲೆಕೆಳಗಾಗಿ ನೆಟ್ಟರೆ ಗಿಡ ಸಾಯುವುದಿಲ್ಲ, ಆದರೆ ಚಿಗುರು ಸುತ್ತಿ ಬಳಸಿ ಮೇಲೆ ಬರಬೇಕಾಗಿ ಕತ್ತು ಸೊಟ್ಟಗಾಗುತ್ತದೆ, ಗಡ್ಡೆಯೂ ಸಣ್ಣದಾಗುತ್ತದೆ. ಎಸಳಿನ ತುದಿಯ ಮೇಲೆ 5 ಸೆಂಟಿಮೀಟರ್ ಮಣ್ಣು ಇರಲಿ. ಜಿಗುಟು ಮಣ್ಣು ಅಥವಾ ಬೆಚ್ಚನೆಯ ಜಾಗವಾದರೆ 3 ಸೆಂಟಿಮೀಟರ್ ಸಾಕು, ಹೆಪ್ಪುಗಟ್ಟುವಲ್ಲಿ 7–8 ಬೇಕು. ಬೆರಳಲ್ಲಿ ಒತ್ತಿ ಚುಚ್ಚುವ ಅಭ್ಯಾಸ ಬಿಡಿ: ಎಸಳಿನ ಕೆಳಗಿನ ಮಣ್ಣು ಒತ್ತಿಕೊಂಡು, ಬೇರು ಇಳಿಯುವ ಬದಲು ಎಸಳನ್ನೇ ಮೇಲೆತ್ತುತ್ತದೆ. ವಾರದ ಮೇಲೆ ಹೋಗಿ ನೋಡಿದರೆ ಎಸಳು ಮಣ್ಣಿನ ಮೇಲೆ ಕಾಲೂರಿ ನಿಂತಿರುತ್ತದೆ, ಹಕ್ಕಿಗಳ ಮೇಲೆ ಅಪವಾದ ಬರುತ್ತದೆ. ಕಡ್ಡಿಯಿಂದ ಗುಳಿ ಮಾಡಿ, ಇಟ್ಟು, ಮಣ್ಣು ಸಡಿಲವಾಗಿ ಎಳೆಯಿರಿ.

ನೆಟ್ಟ ಮೇಲೆ ಒಂದು ಸಲ ಚೆನ್ನಾಗಿ ನೀರು ಕೊಟ್ಟು, 5 ಸೆಂಟಿಮೀಟರ್ ಹುಲ್ಲು ಅಥವಾ ಒಣ ಎಲೆಯ ಹೊದಿಕೆ ಹಾಸಿ. ಹೆಪ್ಪುಗಟ್ಟುವ ಕಡೆ 10–15 ಸೆಂಟಿಮೀಟರ್ ಹಾಸಿ, ಚಳಿ ಹಿಂಜರಿದ ಮೇಲೆ ತೆಳುಮಾಡಿ.

ಎಲೆ ಬೆಳೆಯುವ ಕಾಲ

ಬೆಳ್ಳುಳ್ಳಿಯ ಒಂದೊಂದು ಎಲೆಯೂ ಕೆಳಗಿಳಿದು ಗಡ್ಡೆಯ ಸುತ್ತ ಒಂದು ಸಿಪ್ಪೆಯಾಗುತ್ತದೆ. ಬುಡದಲ್ಲಿ ಮಣ್ಣು ಸರಿಸಿ ಕೆಳಗಿನ ಎಲೆಯೊಂದನ್ನು ಬೆರಳಿನಿಂದ ಹಿಂಬಾಲಿಸಿದರೆ ಕಾಣುತ್ತದೆ: ಎಲೆ ಕತ್ತನ್ನು ಕೊಳವೆಯಂತೆ ಬಳಸಿ, ಹಾಗೇ ಗಡ್ಡೆಯನ್ನು ತಬ್ಬಿಕೊಂಡು ಬೇರಿನ ತಟ್ಟೆಗೆ ಸೇರುತ್ತದೆ. ಎಲೆ ಒಣಗಿದರೆ ಆ ಸಿಪ್ಪೆಯೂ ಒಣಗಿ ತೆಳ್ಳಗಾಯಿತು. ಮಣ್ಣಿನ ತೇವದಲ್ಲೇ ಉಳಿದರೆ ಕೊಳೆತು ಹೋಯಿತು. ಈ ಒಂದು ಸಂಗತಿ ನೆನಪಿದ್ದರೆ ಗೊಬ್ಬರ ಯಾವಾಗ, ನೀರು ಯಾವಾಗ ನಿಲ್ಲಿಸುವುದು, ಯಾವಾಗ ಕೀಳುವುದು ಎಲ್ಲಕ್ಕೂ ಉತ್ತರ ಅಲ್ಲೇ ಇದೆ.

ಸಾರಜನಕ ಎಲೆಗೆ ಬೇಕು, ಗಡ್ಡೆಗಲ್ಲ. ಹಾಗಾಗಿ ಮೂರು ನಾಲ್ಕು ಎಲೆ ಬಂದಾಗ ಒಮ್ಮೆ, ಅದಾದ ನಾಲ್ಕು ವಾರಕ್ಕೆ ಇನ್ನೊಮ್ಮೆ, ಮಡಿಗೆ 30 ಗ್ರಾಂ ಯೂರಿಯಾ ಸಾಲುಗಳ ನಡುವೆ ಉದುರಿಸಿ ನೀರು ಕೊಡಿ. ರಾಸಾಯನಿಕ ಬೇಡವೆಂದರೆ ಪ್ರತಿ ಸಲ ಎರಡು ಕಿಲೋ ಎರೆಗೊಬ್ಬರದ ಜೊತೆ ಬೇವಿನ ಹಿಂಡಿ 150 ಗ್ರಾಂ. ಗಡ್ಡೆ ಊದಲು ಶುರುವಾಗುವಷ್ಟರಲ್ಲಿ ಇದು ಮುಗಿದಿರಬೇಕು. ಎಲೆ ಸೊರಗಿತೆಂದು ಕೊನೆಯಲ್ಲಿ ಯೂರಿಯಾ ಕೊಟ್ಟರೆ ಒಳಗಿನ ಎಸಳುಗಳೇ ಚಿಗುರಿ, ಕತ್ತಿನ ಪಕ್ಕದಿಂದ ಪೊರಕೆಯಂತೆ ಕಡ್ಡಿಗಳು ಏಳುತ್ತವೆ. ಅಂಥ ಗಡ್ಡೆ ಬಾಳಿಕೆ ಬರುವುದಿಲ್ಲ.

ನೀರು ವಾರಕ್ಕೆ ಚದರ ಮೀಟರ್‌ಗೆ ಸುಮಾರು 25 ಲೀಟರ್, ಮಳೆ ಬಂದರೆ ಅಷ್ಟು ಕಡಿಮೆ. ಮರಳು ಮಣ್ಣಾದರೆ ಅದನ್ನೇ ಎರಡು ಸಲ ಹಂಚಿ. ಬೆರಳು ಎರಡು ಗಿಣ್ಣು ಇಳಿಸಿ ನೋಡಿ. ಅಲ್ಲಿ ತೇವ ಇದ್ದರೆ ಇವತ್ತು ಬೇಡ. ಸಂಜೆ ಎಲೆಯ ಮೇಲೆ ನೀರು ಹಾಯಿಸುವುದು ತುಕ್ಕು ರೋಗಕ್ಕೆ ಆಹ್ವಾನ ಕೊಟ್ಟಂತೆ.

ಕಳೆಯ ವಿಷಯದಲ್ಲಿ ಬೆಳ್ಳುಳ್ಳಿ ಕೈಲಾಗದ ಗಿಡ. ಕಡ್ಡಿಯಂಥ ಎಲೆ ನೆಲಕ್ಕೆ ನೆರಳು ಕೊಡುವುದಿಲ್ಲ, ಕಳೆ ನುಗ್ಗುತ್ತದೆ. ಮೊದಲ ಎರಡು ತಿಂಗಳು ಮಡಿ ಚೊಕ್ಕಟವಾಗಿರಲಿ. ಕುರ್ಚಿಗೆಯನ್ನು ಮೇಲ್ಮೇಲೆ ಆಡಿಸಿ. ಆಳಕ್ಕೆ ಹೋದರೆ ಬೇರು ಕತ್ತರಿಸುತ್ತದೆ.

ಹಾರ್ಡ್‌ನೆಕ್ ಗಿಡಗಳು ನಡುವಿನಿಂದ ಹೂದಂಟು ಬಿಡುತ್ತವೆ. ದಂಟು ಬಳೆಯಂತೆ ಒಂದು ಸುತ್ತು ಸುತ್ತಿದಾಗ, ನೆಟ್ಟಗೆ ನಿಲ್ಲುವ ಮೊದಲು, ಮೇಲಿನ ಎಲೆಯ ಹತ್ತಿರ ಮುರಿದುಬಿಡಿ. ಬಿಟ್ಟರೆ ಗಿಡದ ಶಕ್ತಿ ಮೇಲಕ್ಕೆ ಹೋಗಿ ಗಡ್ಡೆ ಸೊರಗುತ್ತದೆ, ಪೋರ್ಸಿಲೀನ್‌ನಲ್ಲಿ ಇದು ಎದ್ದು ಕಾಣುತ್ತದೆ. ಎಲೆ ಜೊತೆಗೆ ಕತ್ತರಿಸಬೇಡಿ. ಮುರಿದ ಎಳೆ ದಂಟು ತರಕಾರಿಯಾಗಿ ತಿನ್ನಲು ಬಲು ರುಚಿ.

ಕೀಳುವ ದಿನ

ಇಡೀ ಗಿಡ ಒಣಗಲಿ ಎಂದು ಕಾಯುವುದು ಈರುಳ್ಳಿಯ ಲೆಕ್ಕ. ಬೆಳ್ಳುಳ್ಳಿಯಲ್ಲಿ ಹಾಗೆ ಕಾದರೆ ಸಿಪ್ಪೆಗಳೆಲ್ಲ ಮಣ್ಣಿನಲ್ಲೇ ಕೊಳೆತು, ಎಸಳುಗಳು ಹೂವಿನಂತೆ ಬಿರಿದು, ಕೀಳುವಾಗ ಒಂದೊಂದಾಗಿ ಉದುರುತ್ತವೆ. ಕೆಳಗಿನ ಮೂರನೇ ಒಂದರಿಂದ ಅರ್ಧದಷ್ಟು ಎಲೆ ಒಣಗಿ, ಮೇಲೆ ಇನ್ನೂ ಐದಾರು ಹಸಿರು ಎಲೆ ಉಳಿದಾಗ ಕೀಳಬೇಕು. ಐದು ಹಸಿರು ಎಲೆ ಅಂದರೆ ಐದು ಗಟ್ಟಿ ಸಿಪ್ಪೆ. ಬಾಳಿಕೆ ಅದರ ಮೇಲೆಯೇ ನಿಂತಿದೆ.

ಅನುಮಾನವಿದ್ದರೆ ಒಂದು ಗಡ್ಡೆ ಅಗೆದು ಅಡ್ಡಕ್ಕೆ ಕೊಯ್ಯಿರಿ. ಎಸಳು ಸಿಪ್ಪೆಯನ್ನು ಒತ್ತಿ ತುಂಬಿಕೊಂಡಿದ್ದರೆ ಹದ ಬಂತು. ಎಸಳಿನ ಗೆರೆ ಮಾತ್ರ ಕಂಡು ಸುತ್ತ ದಪ್ಪ ರಸಭರಿತ ಸಿಪ್ಪೆ ಇದ್ದರೆ ಇನ್ನೊಂದು ಹತ್ತು ದಿನ. ಕೀಳುವ ಎರಡು ವಾರ ಮುಂಚೆ ನೀರು ನಿಲ್ಲಿಸಿ, ಹೊದಿಕೆ ತೆಗೆಯಿರಿ. ಎಲ್ಲ ತಳಿಯೂ ಒಟ್ಟಿಗೆ ಬಲಿಯುವುದಿಲ್ಲ: ಮೊದಲು ಟರ್ಬನ್, ಏಷ್ಯಾಟಿಕ್, ಆಮೇಲೆ ಆರ್ಟಿಚೋಕ್, ರೊಕಾಂಬೋಲ್, ಕೊನೆಗೆ ಸಿಲ್ವರ್‌ಸ್ಕಿನ್.

ಎಲೆ ಹಿಡಿದು ಎಳೆಯಬೇಡಿ. ಗಡ್ಡೆಯಿಂದ ಒಂದು ಗೇಣು ದೂರದಲ್ಲಿ ಗುದ್ದಲಿ ಅಥವಾ ಕವಲು ಹಾಕಿ ಮಣ್ಣು ಸಡಿಲಿಸಿ ಎತ್ತಿ. ಮಣ್ಣು ಉದುರಿಸಲು ಗಡ್ಡೆಯಿಂದ ಗಡ್ಡೆಗೆ ಬಡಿಯುವುದು, ಬುಟ್ಟಿಗೆ ಎಸೆಯುವುದು ಎರಡೂ ತಪ್ಪು. ಹೊಸ ಗಡ್ಡೆ ಹಣ್ಣಿನಷ್ಟೇ ನಾಜೂಕು, ಪೆಟ್ಟು ಬಿದ್ದ ಎಸಳು ಎರಡು ತಿಂಗಳಲ್ಲಿ ಕಪ್ಪಾಗುತ್ತದೆ.

ಒಣಗಿಸಿ ಇಡುವುದು

ತೊಳೆಯಬಾರದು. ಎಲೆ, ಬೇರು ಸಮೇತ ಹತ್ತು ಗಿಡದ ಕಟ್ಟು ಮಾಡಿ, ಗಾಳಿಯಾಡುವ ನೆರಳಿನಲ್ಲಿ ನೇತುಹಾಕಿ ಅಥವಾ ಜಾಲರಿಯ ಮೇಲೆ ಒಂದೇ ಪದರದಲ್ಲಿ ಆರಹಾಕಿ. ಮೂರರಿಂದ ನಾಲ್ಕು ವಾರ ಬೇಕು. ನೇರ ಬಿಸಿಲಿಗಿಟ್ಟರೆ ಎಸಳು ಒಳಗೇ ಬೆಂದು, ಮೇಣದಂತೆ ಹಳದಿಯಾಗಿ, ಪಾರದರ್ಶಕವಾಗಿಬಿಡುತ್ತದೆ. ಹೊರಗಿನಿಂದ ಗೊತ್ತೇ ಆಗುವುದಿಲ್ಲ. ಒಣಗಿತೋ ಇಲ್ಲವೋ ತಿಳಿಯಲು ಕತ್ತನ್ನು ಗಡ್ಡೆಯ ಮೇಲೆ 2 ಸೆಂಟಿಮೀಟರ್ ಬಿಟ್ಟು ಕತ್ತರಿಸಿ ನೋಡಿ. ಕೊಯ್ದಲ್ಲಿ ತೇವ ಕಂಡರೆ, ಬೆರಳಿಗೆ ವಾಸನೆ ಹತ್ತಿದರೆ, ಉಳಿದವನ್ನು ಇನ್ನೊಂದು ವಾರ ಬಿಡಿ.

ಸಾಫ್ಟ್‌ನೆಕ್ ಆದರೆ ಕತ್ತರಿಸದೆ ಜಡೆ ಹೆಣೆಯಬಹುದು. ಎಲೆ ಪೂರ್ತಿ ಒಣಗಿದ ಮೇಲಾದರೆ ಪುಡಿಯಾಗುತ್ತದೆ. ಹಾಗಾಗಿ ಇನ್ನೂ ಬಾಗುವಂತಿರುವಾಗ ಹೆಣೆದು ನೇತುಹಾಕಿ, ಉಳಿದದ್ದು ಜಡೆಯಲ್ಲೇ ಒಣಗಲಿ.

ಇಡುವ ಜಾಗ ಒಣಗಿರಬೇಕು, ಗಾಳಿ ಆಡಬೇಕು, ಉಷ್ಣತೆ 15–20 ಡಿಗ್ರಿ ಇದ್ದರೆ ಒಳ್ಳೆಯದು. ಫ್ರಿಜ್‌ನಲ್ಲಿ ಇಡಬೇಡಿ. ನಾಟಿಯ ಗಡ್ಡೆಗೆ ಒಳ್ಳೆಯದಾದ ಆ 4–7 ಡಿಗ್ರಿಯೇ ತಿನ್ನುವ ಗಡ್ಡೆಗೆ ಶತ್ರು. ಚಳಿಗಾಲ ಬಂತೆಂದು ತಿಳಿದು ಚಿಗುರಲು ಸಿದ್ಧವಾಗುತ್ತದೆ. ಸುಲಿದ ಎಸಳನ್ನು ಎಣ್ಣೆಯಲ್ಲಿ ಮುಳುಗಿಸಿ ಹೊರಗಿಡುವುದಂತೂ ಅಪಾಯ. ಗಾಳಿಯಿಲ್ಲದ ಎಣ್ಣೆಯೊಳಗೆ ಬೊಟುಲಿಸಂ ಎಂಬ ಮಾರಕ ಕಾಯಿಲೆ ತರುವ ಬ್ಯಾಕ್ಟೀರಿಯಾ ವಿಷ ಉಂಟುಮಾಡಬಲ್ಲದು, ಅದಕ್ಕೆ ವಾಸನೆಯೂ ಇರುವುದಿಲ್ಲ. ಮಾಡಿದ್ದನ್ನು ಫ್ರಿಜ್‌ನಲ್ಲಿಟ್ಟು ನಾಲ್ಕು ದಿನದೊಳಗೆ ಮುಗಿಸಿ.

ಕೆಡುವುದು ಎಲ್ಲಿ

ಎಲ್ಲಕ್ಕಿಂತ ಹೆದರಬೇಕಾದದ್ದು ಬಿಳಿ ಕೊಳೆ ರೋಗಕ್ಕೆ. ಎಲೆಗಳು ಬುಡದಿಂದ ಹಳದಿಯಾಗಿ ಗಿಡ ಸುಲಭವಾಗಿ ಕಿತ್ತು ಬರುತ್ತದೆ. ಬುಡದಲ್ಲಿ ಹತ್ತಿಯಂಥ ಬಿಳಿ ಶಿಲೀಂಧ್ರ, ಅದರ ಮೇಲೆ ಗಸಗಸೆ ಗಾತ್ರದ ಕಪ್ಪು ಕಾಳುಗಳು. ಆ ಕಾಳುಗಳು ಮಣ್ಣಿನಲ್ಲಿ 20 ವರ್ಷಕ್ಕೂ ಹೆಚ್ಚು ಜೀವ ಹಿಡಿದು ಕೂರುತ್ತವೆ. ಬೆಳ್ಳುಳ್ಳಿ, ಈರುಳ್ಳಿ, ಲೀಕ್ ಬೇರಿನ ವಾಸನೆ ಸಿಕ್ಕಾಗ ಮಾತ್ರ ಏಳುತ್ತವೆ. ಗಿಡವನ್ನು ಸುತ್ತಲಿನ ಮಣ್ಣಿನೊಂದಿಗೆ ತೆಗೆದು ಕಾಂಪೋಸ್ಟ್ ಗುಂಡಿಗೆ ಹಾಕದೆ ನಾಶಮಾಡಿ, ಗುದ್ದಲಿ, ಚಪ್ಪಲಿ ತೊಳೆಯಿರಿ. ಆ ಮಡಿಗೆ ಉಳ್ಳಿ ಜಾತಿಯದ್ದೇನನ್ನೂ ಮತ್ತೆ ಹಾಕುವಂತಿಲ್ಲ. ರೋಗವಿಲ್ಲದ ಮಡಿಯಲ್ಲೂ ಮೂರು ನಾಲ್ಕು ವರ್ಷಕ್ಕೊಮ್ಮೆ ಮಾತ್ರ ಬೆಳ್ಳುಳ್ಳಿ ಹಾಕುವುದು ಕ್ಷೇಮ.

ಕತ್ತು ಊದಿಕೊಂಡು ಮೆತ್ತಗಾಗಿ, ಎತ್ತಿದಾಗ ಬೇರಿನ ತಟ್ಟೆ ಗಡ್ಡೆಯಿಂದ ಕಳಚಿ ಬಂದರೆ ಕಾಂಡ-ಗಡ್ಡೆಯ ಜಂತುಹುಳು. ಕಣ್ಣಿಗೆ ಕಾಣುವುದಿಲ್ಲ, ಬಿತ್ತನೆ ಎಸಳಿನಲ್ಲೇ ಬರುತ್ತದೆ. ಆ ಸಾಲಿನಿಂದ ಒಂದು ಎಸಳನ್ನೂ ಬಿತ್ತನೆಗೆ ಎತ್ತಿಡಬೇಡಿ.

ಎಲೆಯ ಮೇಲೆ ಬೆಳ್ಳಿ ಬಣ್ಣದ ಗೀರು ಕಂಡರೆ ನಡುವಿನ ಎಲೆಗಳನ್ನು ಬಿಡಿಸಿ ನೋಡಿ, ಸಂದಿಯಲ್ಲಿ ಥ್ರಿಪ್ಸ್ ನುಸಿ ಅಡಗಿರುತ್ತದೆ. ಬಿಸಿಲು, ಒಣ ಹವೆಯಲ್ಲಿ ಹೆಚ್ಚು. ಬೆಳಿಗ್ಗೆ ಪೈಪಿನಿಂದ ಆ ಸಂದಿಗೇ ನೀರು ಚಿಮ್ಮಿಸಿದರೆ ಅರ್ಧ ಕಡಿಮೆಯಾಗುತ್ತದೆ. ಬಗ್ಗದಿದ್ದರೆ ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, 1 ಮಿಲಿ ಸೋಪಿನ ದ್ರಾವಣ ಬೆರೆಸಿ ಸಂಜೆ ಸಿಂಪಡಿಸಿ. ಕಿತ್ತಳೆ ಪುಡಿಯ ಚುಕ್ಕೆ ತುಕ್ಕು ರೋಗ, ನಡುವೆ ನೇರಳೆ ಬಣ್ಣವಿರುವ ಉದ್ದನೆಯ ಮಚ್ಚೆ ನೇರಳೆ ಮಚ್ಚೆ ರೋಗ. ಎರಡೂ ಎಲೆ ಒದ್ದೆಯಿದ್ದಾಗ ಹರಡುತ್ತವೆ. ಕೀಳುವ ಹೊತ್ತಿಗೆ ಅಲ್ಪಸ್ವಲ್ಪ ತುಕ್ಕು ಬಂದರೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಎಳೆ ಗಿಡದ ಎಲೆತುದಿ ಮಾತ್ರ ಹಳದಿಯಾದರೆ ಅದು ಚಳಿಯ ಏಟು. ಕೆಳಗಿನ ಎಲೆಗಳು ಪೂರ್ತಿ ಹಳದಿಯಾದರೆ ಸಾರಜನಕದ ಕೊರತೆ ಅಥವಾ ಬುಡದಲ್ಲಿ ನಿಂತ ನೀರು. ಗೊಬ್ಬರ ಹಾಕುವ ಮುಂಚೆ ಮಣ್ಣು ಮುಟ್ಟಿ ನೋಡಿ.

ಒಂಟಿ ಗುಂಡು, ಬಲ್ಬಿಲ್

ಒಂಟಿ ಗುಂಡು ಬಂತೆಂದು ಎಸೆಯಬೇಡಿ. ಸುಲಿಯಲು ಅದರಷ್ಟು ಸುಲಭದ ಬೆಳ್ಳುಳ್ಳಿ ಇನ್ನೊಂದಿಲ್ಲ. ಜೊತೆಗೆ, ಅದನ್ನೇ ಮುಂದಿನ ಸಲ ಸಾಕಷ್ಟು ಚಳಿ ಕೊಟ್ಟು ನೆಟ್ಟರೆ ಒಳ್ಳೆಯ ಗಾತ್ರದ, ಎಸಳೊಡೆದ ಗಡ್ಡೆ ಕೊಡುತ್ತದೆ. ಎಲಿಫೆಂಟ್ ಗಾರ್ಲಿಕ್‌ನ ಗಡ್ಡೆಯ ಹೊರಗೆ ಅಂಟಿಕೊಂಡಿರುವ ಗಟ್ಟಿ ಚಿಪ್ಪಿನ ಮರಿಗಳೂ ಹಾಗೆಯೇ. ಚಿಪ್ಪನ್ನು ಸ್ವಲ್ಪ ಬಿರಿಸಿ ರಾತ್ರಿಯೆಲ್ಲ ನೆನೆಸಿ ನೆಟ್ಟರೆ ಮೊದಲ ವರ್ಷ ಗುಂಡು, ಎರಡನೇ ವರ್ಷ ಗಡ್ಡೆ.

ಮಣ್ಣಿನ ರೋಗದ ಭಯವಿರುವವರು ಹಾರ್ಡ್‌ನೆಕ್‌ನ ಎರಡು ಮೂರು ಹೂದಂಟು ಮುರಿಯದೆ ಬಿಡಬಹುದು. ಹೂವಿನ ಜಾಗದಲ್ಲಿ ಬಲ್ಬಿಲ್ ಎನ್ನುವ ಪುಟಾಣಿ ಗಡ್ಡೆಗಳು ಕಟ್ಟುತ್ತವೆ. ಪೋರ್ಸಿಲೀನ್‌ನಲ್ಲಿ ಅಕ್ಕಿಕಾಳಿನಷ್ಟು ಸಣ್ಣವು, ಗೊಂಚಲಿಗೆ ನೂರಕ್ಕೂ ಮೇಲೆ, ರೊಕಾಂಬೋಲ್‌ನಲ್ಲಿ ಕಡಲೆಯಷ್ಟು ದಪ್ಪ, ಎಣಿಕೆಯಲ್ಲಿ ಕಡಿಮೆ. ಮಣ್ಣು ಮುಟ್ಟದ ಕಾರಣ ಬಿಳಿ ಕೊಳೆ ಇವುಗಳಲ್ಲಿ ಬರುವುದಿಲ್ಲ. ವೈರಸ್ ಮಾತ್ರ ಬರುತ್ತದೆ, ಅದಕ್ಕೆ ಗಿಡವಿಡೀ ಮನೆ. ಎಸಳಿನಂತೆಯೇ ಅದೇ ಕಾಲದಲ್ಲಿ 2 ಸೆಂಟಿಮೀಟರ್ ಆಳಕ್ಕೆ ನೆಡಿ. ರೊಕಾಂಬೋಲ್ ಎರಡು ಮೂರು ವರ್ಷದಲ್ಲಿ ಪೂರ್ಣ ಗಾತ್ರಕ್ಕೆ ಬರುತ್ತದೆ, ಪೋರ್ಸಿಲೀನ್‌ಗೆ ಮೂರು ನಾಲ್ಕು ಬೇಕು. ಎಳೆಯದರಲ್ಲಿ ಹುಲ್ಲಿನಂತೆಯೇ ಕಾಣುವುದರಿಂದ ಆ ಸಾಲಿಗೆ ಕಡ್ಡಿ ನೆಟ್ಟು ಗುರುತು ಮಾಡಿಡಿ. ಇಲ್ಲದಿದ್ದರೆ ಕಳೆಯ ಜೊತೆ ಕಿತ್ತು ಹಾಕುವುದು ನೀವೇ.